ಉಸ್ತಾದ್ ಅಬ್ದುಲ್ ಕರೀಂ ಖಾನ್: ಕಲಿಕೆಯೇ, ನಕಲೇ?



ಶಿವಾಜಿನಗರದ ಇಲ್ಲವೇ ಹಲಸೂರಿನ ಯಾವುದಾದರೂ ಮದುವೆ ಮನೆಗೆ ಹೋಗಿ ನೋಡಿ. ಹಳೆಯ ಹಿಂದಿ ಸಿನಿಮಾ ಹಾಡಿನ ಧಾಟಿಗೆ ಹೊಸ ಮಾತು ಕೂಡಿಸಿ ಹಾಡುವವರು ಸಿಗುತ್ತಾರೆ. ಕಾಲೇಜು ವಾರ್ಷಿಕೋತ್ಸವಗಳಲ್ಲೂ ಅಷ್ಟೇ. ಕೆಲವೊಮ್ಮೆ ನಾತ್‌ಗಳೂ ಅದೇ ಧಾಟಿಯಲ್ಲಿ ಕೇಳಿಬರುತ್ತವೆ. ಇದು ನಕಲು ಎಂದು ಕೆಲವರು ಸಿಡುಕಿದರೆ, ಬರೀ ಪ್ರಭಾವ ಎಂದು ಉಳಿದವರು ಸಮರ್ಥಿಸುತ್ತಾರೆ. ಈ ವಾದಕ್ಕೆ ಇಳಿಯುವ ಮುನ್ನ ನೀವು ಉಸ್ತಾದ್ ಅಬ್ದುಲ್ ಕರೀಂ ಖಾನರ ಬದುಕನ್ನು ಒಮ್ಮೆ ತಿಳಿಯುವುದು ಒಳ್ಳೆಯದು.

ಅವರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಕಿರಾನಾ ಘರಾಣೆಯ ಹೆಸರು ಬಂದದ್ದೇ ಆ ಊರಿನಿಂದ. ಎಳೆಯ ವಯಸ್ಸಿನಲ್ಲೇ ಬರೋಡಾ ದರ್ಬಾರಿನಲ್ಲಿ ಹಾಡಿದರು, ಮುಂದೆ ಮೀರಜಿನಲ್ಲಿ ನೆಲೆ ನಿಂತರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು.

ನಮಗೆ ಮುಖ್ಯವಾದದ್ದು ಅವರ ಮೈಸೂರು ಪಯಣ. ಅರಮನೆಯ ಆಹ್ವಾನದ ಮೇಲೆ ಮತ್ತೆ ಮತ್ತೆ ಬರುತ್ತಿದ್ದ ಖಾನ್ ಸಾಹೇಬರು ಇಲ್ಲಿನ ವಿದ್ವಾಂಸರ ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿದರು. ಉತ್ತರದ ಉಸ್ತಾದರು ದಕ್ಷಿಣದ ಪದ್ಧತಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಲ ಅದು. ಇವರು ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಸ್ವರಗಳ ಹೆಸರು ಹಿಡಿದು ಹಾಡುವ ಅವರ ಸರಿಗಮದಲ್ಲಿ ಆ ಪ್ರಭಾವ ಎದ್ದು ಕಾಣುತ್ತದೆ. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಗ್ರಾಮಫೋನ್ ತಟ್ಟೆಗೂ ಹಾಡಿದರು. ಅದನ್ನು ಕೇಳಿದರೆ ನಿಮಗೇ ತಿಳಿಯುತ್ತದೆ: ಕೃತಿ ದಕ್ಷಿಣದ್ದು, ದನಿ ಮಾತ್ರ ಪೂರ್ತಿ ಕಿರಾನಾದ್ದು. ಇದನ್ನು ನಕಲು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ಶಿಷ್ಯರ ವಿಷಯ. ಕುಂದಗೋಳದ ಹುಡುಗ ರಾಮಭಾವು, ಖಾನ್ ಸಾಹೇಬರ ಭೈರವಿ ಠುಮ್ರಿಯನ್ನು ಹಾಗೆಯೇ ಅನುಕರಿಸಿ ಗುನುಗುತ್ತಿದ್ದನಂತೆ. ಊರಿನ ನಾಡಿಗೇರ ವಾಡೆಯಲ್ಲಿ ಅತಿಥಿಯಾಗಿದ್ದ ಉಸ್ತಾದರ ಕಿವಿಗೆ ಅದು ಬಿದ್ದು, ಪಾಠ ಹೇಳಲು ಒಪ್ಪಿದರು ಎನ್ನುತ್ತಾರೆ. ಅಂದರೆ ಆರಂಭವಾದದ್ದೇ ನಕಲಿನಿಂದ! ಆದರೆ ಅಲ್ಲಿಗೇ ನಿಲ್ಲಲು ಗುರುಗಳು ಬಿಡಲಿಲ್ಲ. ವರ್ಷಗಟ್ಟಲೆ ಬೆರಳೆಣಿಕೆಯ ರಾಗಗಳನ್ನೇ ತಿದ್ದಿದರು. ಹರೆಯದಲ್ಲಿ ಹುಡುಗನ ಕಂಠ ಒಡೆದು ಗಡುಸಾಯಿತು. ಗುರುವಿನ ತೆಳುವಾದ, ಇಂಪಾದ ದನಿಯನ್ನು ಅನುಕರಿಸುವ ದಾರಿಯೇ ಮುಚ್ಚಿಹೋಯಿತು. ತನ್ನ ದನಿಗೆ ಒಗ್ಗುವ ಹಾದಿಯನ್ನು ತಾನೇ ಹುಡುಕಿಕೊಂಡು ಅವನು ಸವಾಯಿ ಗಂಧರ್ವನಾದ. ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಗಾಯನ ಒಂದರಂತೆ ಒಂದಿಲ್ಲ.

ಜನಪ್ರಿಯ ಸಂಗೀತಕ್ಕೆ ಬರೋಣ. ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆ ಮನೆಮಾತಾಗಿತ್ತು. ಗದಗಿನ ಬಾಲಕ ಭೀಮಸೇನನಿಗೆ ಸಂಗೀತದ ಹುಚ್ಚು ಹಿಡಿಸಿದ್ದು ಅದೇ; 1933ರಲ್ಲಿ ಅವನು ಗುರುವನ್ನು ಅರಸಿ ಮನೆ ಬಿಟ್ಟು ಹೊರಟ. ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರ ಹಿಂದಿ ದೇವದಾಸ್ ಚಿತ್ರದಲ್ಲಿ ಅದೇ ಠುಮ್ರಿಯನ್ನು ಕೆ.ಎಲ್. ಸೈಗಲ್ ಹಾಡಿದರು. ಸಾಹಿತ್ಯ ಅದೇ, ರಾಗ ಅದೇ. ಆದರೆ ಸೈಗಲ್ ಉಸ್ತಾದರ ತಾನುಗಳನ್ನು ಮುಟ್ಟಲು ಹೋಗಲಿಲ್ಲ. ಕುಡಿತದಲ್ಲಿ ಮುಳುಗುತ್ತಿರುವ ನಾಯಕ ತನ್ನಷ್ಟಕ್ಕೆ ಗುನುಗಿಕೊಳ್ಳುವಂತೆ, ತಗ್ಗಿದ ದನಿಯಲ್ಲಿ ಹಾಡಿ ಮುಗಿಸಿದರು. ಖಾನ್ ಸಾಹೇಬರು ಅದನ್ನು ಕೇಳಿ ಸಿಟ್ಟಾಗಲಿಲ್ಲ, ಮೆಚ್ಚಿಕೊಂಡರು ಎಂಬ ಮಾತು ಸಂಗೀತಗಾರರ ನಡುವೆ ಇದೆ. ಬಿಡುವಾದಾಗ ಎರಡನ್ನೂ ಒಂದರ ಹಿಂದೆ ಒಂದು ಕೇಳಿ; ಭೀಮಸೇನರೂ ಇದನ್ನು ಹಾಡಿದ್ದಾರೆ. ಸೈಗಲ್ ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂಬುದನ್ನು ಗಮನಿಸಿ. ಬಿಟ್ಟದ್ದರಲ್ಲೇ ಅವರ ಸ್ವಂತಿಕೆ ಇದೆ ಎಂದು ನನ್ನ ಅನಿಸಿಕೆ.

1937ರ ಅಕ್ಟೋಬರ್‌ನಲ್ಲಿ ಮದರಾಸಿನ ಕಛೇರಿ ಮುಗಿಸಿ ಪಾಂಡಿಚೇರಿಗೆ ಹೊರಟಿದ್ದ ಖಾನ್ ಸಾಹೇಬರಿಗೆ ರೈಲಿನಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರಂ ಮೇಲೆ ಹಾಸಿದ ಹಾಸಿಗೆಯಲ್ಲಿ ಪ್ರಾರ್ಥನೆ ಸಲ್ಲಿಸಿ ಕೊನೆಯುಸಿರೆಳೆದರು. ಅವರ ಸಮಾಧಿ ಇರುವುದು ಮೀರಜಿನ ಖ್ವಾಜಾ ಮೀರಾ ಸಾಹೇಬ್ ದರ್ಗಾದ ಆವರಣದಲ್ಲಿ. ಅವರ ನೆನಪಿಗೆ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ, ಬೇರೆ ಬೇರೆ ಘರಾಣೆಗಳ ಗಾಯಕರು ಬಂದು ಹಾಡುತ್ತಾರೆ.