ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರು ಮತ್ತು ಕೂಲಿ



ಬಾಬಾಸಾಹೇಬರೆಂದರೆ ನಮ್ಮ ಕುದೇರಿನಲ್ಲಿ ಎಲ್ಲರಿಗೂ ಸಂವಿಧಾನ ನೆನಪಾಗುತ್ತದೆ. ನನಗೆ ಕೂಲಿಯೂ ನೆನಪಾಗುತ್ತದೆ.

ಮುಂಬಯಿಯ ಪರೇಲ್‌ನ ಚಾಳಿನಲ್ಲಿ ಗಿರಣಿ ಕಾರ್ಮಿಕರ ನಡುವೆ ಬಹಳ ವರ್ಷ ಬದುಕಿದವರು ಅವರು. ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ನಮ್ಮ ಜನರನ್ನು ಬಿಡುತ್ತಿರಲಿಲ್ಲ. ನೂಲು ತುಂಡಾದರೆ ಎಂಜಲು ಹಚ್ಚಿ ಸೇರಿಸಬೇಕಿತ್ತು, ಅದಕ್ಕೆ ಮೈಲಿಗೆಯ ನೆಪ! ಹೀಗೆ ಜಾತಿಯೇ ಕೂಲಿ ನಿಗದಿ ಮಾಡುತ್ತಿತ್ತು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1942ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. 1946ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾದದ್ದು 1948ರಲ್ಲಿ. ಆಗ ಅವರು ಕಾನೂನು ಮಂತ್ರಿ, ಕಾರ್ಮಿಕ ಖಾತೆ ಜಗಜೀವನ್ ರಾಂ ಅವರದು.

ಕಾಯ್ದೆಯಲ್ಲಿ ಇಂತಿಷ್ಟು ರೂಪಾಯಿ ಎಂದು ಬರೆದಿರಲಿಲ್ಲ. ಸರ್ಕಾರ ದರ ನಿಗದಿ ಮಾಡಿ 5 ವರ್ಷದೊಳಗೆ ಮತ್ತೆ ನೋಡಬೇಕಿತ್ತು. ಸಮಿತಿ ಮಾಡಿದರೆ ಮಾಲೀಕರ ಕಡೆಯವರಷ್ಟೇ ಕಾರ್ಮಿಕರ ಕಡೆಯವರೂ ಇರಬೇಕಿತ್ತು. ಬೇಸಾಯದ ಕೂಲಿಯೂ ಪಟ್ಟಿಯಲ್ಲಿತ್ತು. ದರ ಏರಿಸುವ ಮಾತು ಬಂದಾಗ ಜಗ್ಗಾಟ ತಪ್ಪದು. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕರಡು ಹೊರಡಿಸಿದಾಗಲೂ ಮಾಲೀಕರ ಸಂಘಗಳು ಆಕ್ಷೇಪ ಎತ್ತಿದವು.

ಆಳಿನ ಶಕ್ತಿ ನೋಡಿ ಕೆಲಸ ಹೇಳಬೇಕು, ಊಟ ಕೂಲಿ ಕೊಡಬೇಕು, ಕಾಯಿಲೆಯಾದರೆ ನೋಡಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಬಿಡಬೇಕು ಎಂದು ಭಗವಾನ್ ಬುದ್ಧರು ಸಿಗಾಲೋವಾದ ಸುತ್ತದಲ್ಲಿ ಒಡೆಯರಿಗೆ ತಿಳಿಸಿದ್ದರು. ಒಡೆಯನ ಮನಸ್ಸಿಗೆ ಬಿಟ್ಟಿದ್ದ ಆ ಕೂಲಿಯ ಮಾತನ್ನು ಬಾಬಾಸಾಹೇಬರು ಕಾನೂನಿಗೆ ತಂದರೆಂದೇ ನನ್ನ ಅನಿಸಿಕೆ.

ಅರಿಶಿನ ಕೀಳಲು, ಬಾಳೆ ತೋಟಕ್ಕೆ ಹೋಗುವ ನಮ್ಮ ಅಕ್ಕಂದಿರಿಗೆ ಸರ್ಕಾರದ ದರ ಗೊತ್ತಿದೆಯೇ, ಕೇಳಿ ನೋಡಿ. ಭಾನುವಾರ ವಂದನೆ ಮುಗಿದ ಮೇಲೆ ಕಾರ್ಮಿಕ ಇಲಾಖೆಯ ದರಪಟ್ಟಿ ಓದುತ್ತೇನೆ. ಅವರನ್ನೂ ಕರೆದುಕೊಂಡು ಬನ್ನಿ.