ಪ್ರನಾಳದಲ್ಲಿ ಸೋತ ಔಷಧಿ ದೇಹದಲ್ಲಿ ಗೆದ್ದಾಗ: ಪಾಲ್ ಎರ್ಲಿಖ್

ಪ್ರಯೋಗಾಲಯದ ಪ್ರನಾಳದಲ್ಲಿ ಕೆಲಸ ಮಾಡಿದ ಔಷಧಿ ನಮ್ಮ ದೇಹದಲ್ಲೂ ಹಾಗೆಯೇ ಕೆಲಸ ಮಾಡುತ್ತದೆಯೇ? ಹಾಗೆ ನಂಬುವಂತಿಲ್ಲ ಎಂಬುದನ್ನು ನೂರು ವರ್ಷಗಳ ಹಿಂದೆಯೇ ಅರಿತಿದ್ದವರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್.

1854ರಲ್ಲಿ ಸೈಲೀಸಿಯಾದ ಸ್ಟ್ರೆಲೆನ್ ಪಟ್ಟಣದಲ್ಲಿ ಹುಟ್ಟಿದ ಎರ್ಲಿಖ್‌ಗೆ ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಬಣ್ಣಗಳ ಹುಚ್ಚು. ಕೃತಕ ಬಣ್ಣಗಳು ಕೆಲವು ಜೀವಕೋಶಗಳಿಗೆ ಮಾತ್ರ ಅಂಟುವುದನ್ನು ಅವರು ಗಮನಿಸಿದರು. ಹಾಗಾದರೆ ರೋಗಾಣುವಿಗೆ ಮಾತ್ರ ಅಂಟಿ ರೋಗಿಯನ್ನು ಮುಟ್ಟದ ವಿಷವನ್ನೂ ತಯಾರಿಸಬಹುದಲ್ಲವೇ? ಈ ಕಲ್ಪನೆಯೇ ‘ಮಾಂತ್ರಿಕ ಗುಂಡು’ ಎಂದು ಹೆಸರಾಯಿತು. 1908ರಲ್ಲಿ ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ ಅವರಿಗೆ ನೊಬೆಲ್ ಬಂದಾಗಲೂ ಈ ಹುಡುಕಾಟ ನಡೆದೇ ಇತ್ತು.

ಆಗ ನಿದ್ರಾರೋಗಕ್ಕೆ ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧಿ ಬಳಕೆಯಲ್ಲಿತ್ತು. ಅದು ಕೆಲವು ರೋಗಿಗಳ ಕಣ್ಣನ್ನೇ ಕಿತ್ತುಕೊಂಡಿತ್ತು. ಇನ್ನೊಂದು ವಿಚಿತ್ರವೆಂದರೆ, ಪ್ರನಾಳದಲ್ಲಿ ರೋಗಾಣುವನ್ನು ಕೊಲ್ಲದ ಅಟಾಕ್ಸಿಲ್ ಪ್ರಾಣಿಯ ದೇಹದೊಳಗೆ ಕೊಲ್ಲುತ್ತಿತ್ತು! ದೇಹವೇ ಅದನ್ನು ಬೇರೆ ರೂಪಕ್ಕೆ ಬದಲಿಸುತ್ತಿದೆ ಎಂದು ಎರ್ಲಿಖ್ ಊಹಿಸಿದರು. ಆ ಊಹೆ ಸರಿಯಾಗಿತ್ತು. ಅವರ ತಂಡ ನೂರಾರು ಆರ್ಸೆನಿಕ್ ಸಂಯುಕ್ತಗಳನ್ನು ತಯಾರಿಸಿ ಪ್ರಾಣಿಗಳಲ್ಲೇ ಪರೀಕ್ಷಿಸಿತು. 1909ರಲ್ಲಿ ಜಪಾನಿನ ಸಹಾಚಿರೊ ಹಾಟಾ, 606ನೆಯ ಸಂಯುಕ್ತ ಮೊಲಗಳಲ್ಲಿ ಸಿಫಿಲಿಸ್ ವಾಸಿಮಾಡುವುದನ್ನು ಕಂಡರು. 1910ರಲ್ಲಿ ಅದು ಸಾಲ್ವರ್ಸಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಡ್ಡಪರಿಣಾಮಗಳಿಂದಾಗಿ ಟೀಕೆಗಳೂ ಬಂದವು. 1912ರಲ್ಲಿ ಬಳಸಲು ಸುಲಭವಾದ ನಿಯೋಸಾಲ್ವರ್ಸಾನ್ ಹೊರತಂದ ಎರ್ಲಿಖ್ 1915ರಲ್ಲಿ ತೀರಿಕೊಂಡರು.

ಅವರ ಕನಸಿನ ಇಂದಿನ ಒಂದು ರೂಪ, ಬಿಸಿಗೆ ಸ್ಪಂದಿಸುವ ಲಿಪೊಸೋಮ್. ಇದು ಔಷಧಿ ತುಂಬಿದ, ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಬ್ಬಿನ ಗುಳ್ಳೆ. 1978ರಲ್ಲಿ ಮೊದಲು ವರದಿಯಾದ ಈ ಉಪಾಯ ಸರಳ: ಗಡ್ಡೆಯಿರುವ ಜಾಗವನ್ನು ಮಾತ್ರ ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಗುಳ್ಳೆಯ ಪೊರೆ ಸಡಿಲಗೊಂಡು ಔಷಧಿ ಅಲ್ಲೇ ಸುರಿಯುತ್ತದೆ. ಆದರೆ ಉಪ್ಪಿನ ದ್ರಾವಣದಲ್ಲಿ ಭದ್ರವಾಗಿರುವ ಗುಳ್ಳೆ ರಕ್ತದ ಪ್ಲಾಸ್ಮಾದಲ್ಲಿ ಬೇರೆಯೇ ರೀತಿ ವರ್ತಿಸಬಹುದು. ಅಲ್ಲಿನ ಪ್ರೋಟೀನುಗಳು ಪೊರೆಗೆ ಅಂಟಿಕೊಳ್ಳುತ್ತವೆ. ಬಿಸಿಯಾದಾಗ ಔಷಧಿ ಇನ್ನೂ ಬೇಗ ಹೊರಬರಬಹುದು, ಕೆಲವೊಮ್ಮೆ ದೇಹದ ಸಾಮಾನ್ಯ 37 ಡಿಗ್ರಿಯಲ್ಲೇ ಸೋರಲೂಬಹುದು. ಸೋರಿದರೆ ವಿಷ ಗಡ್ಡೆಯನ್ನು ತಲುಪುವ ಮೊದಲೇ ಮೈಯೆಲ್ಲ ಹರಡುತ್ತದೆ. ಹಾಗಾಗಿಯೇ ಇವುಗಳನ್ನು ಪ್ಲಾಸ್ಮಾದಲ್ಲೂ ಪರೀಕ್ಷಿಸಬೇಕು.

ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳು ಸತ್ತವು ಎಂಬ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಸರಿ, ರಕ್ತದಲ್ಲಿ ಏನಾಯಿತು?