ಮುಂಗಾರಿನ ಸುಳಿವು ಹುಡುಕಿದ ಗಣಿತಜ್ಞ: ಸರ್ ಗಿಲ್ಬರ್ಟ್ ವಾಕರ್

ಭಾರತದ ವಾಯುಗುಣದ ಪಾಠದಲ್ಲಿ ಎಲ್ ನಿನೊ ಎಂಬ ಪದ ಬಂದಾಗ ಮಕ್ಕಳು ಅದನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಪೆರು ದೇಶದ ಕಡಲು ಬಿಸಿಯಾದರೆ ನಮ್ಮ ಹೊಲಕ್ಕೆ ಮಳೆ ಏಕೆ ಕಡಿಮೆಯಾಗಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪಾಠ ಬೋಧನಾ ಅಭ್ಯಾಸದಲ್ಲಿ ಈ ಘಟಕಕ್ಕೆ ಪೂರಕವಾಗಿ ಹೇಳಲು ನಾನು ಸರ್ ಗಿಲ್ಬರ್ಟ್ ವಾಕರ್ ಅವರ ಜೀವನವನ್ನು ಆರಿಸಿಕೊಂಡೆ. ಅದನ್ನು ಇಲ್ಲಿ ಸಂಗ್ರಹಿಸಿ ಬರೆದಿದ್ದೇನೆ.

ವಾಕರ್ ಅವರ ಕೆಲಸದ ಮಹತ್ವ ತಿಳಿಯಲು ಬರದಿಂದಲೇ ಆರಂಭಿಸಬೇಕು. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ಕರೆದದ್ದು ಇದನ್ನೇ. ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಜನ ಇಲ್ಲವಾದರು. 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಇಲಾಖೆ ಮುನ್ಸೂಚನೆ ಕೊಟ್ಟಿತ್ತು. ಬಂದದ್ದು ಮತ್ತೊಂದು ಭೀಕರ ಬರ. ಮಳೆಯ ಲೆಕ್ಕ ತಪ್ಪಿದರೆ ಜನರ ಜೀವಕ್ಕೇ ಕುತ್ತು ಎಂಬುದು ಎಲ್ಲರಿಗೂ ಅರಿವಾಗಿತ್ತು.

ಇಂಥ ಇಲಾಖೆಯ ಹೊಣೆ 1904ರಲ್ಲಿ ವಾಕರ್ ಅವರ ಹೆಗಲಿಗೆ ಬಂತು. 1868ರ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಓದಿ, 1889ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾದರು. ಬೂಮರಾಂಗ್ ಎಸೆಯುವುದರಲ್ಲಿ, ಅದು ಹಾರುವ ಬಗೆಯನ್ನು ಗಣಿತದಿಂದ ವಿವರಿಸುವುದರಲ್ಲಿ ಅವರಿಗೆ ಬಹಳ ಆಸಕ್ತಿ. ಹವಾಮಾನ ಶಾಸ್ತ್ರ ಮಾತ್ರ ಅವರಿಗೆ ಹೊಸದು.

ಗಾಳಿಯ ಚಲನೆಯ ಸಮೀಕರಣಗಳನ್ನು ಬಿಡಿಸಿ ಮುಂದಿನ ಮಳೆ ಹೇಳುವುದು ಆ ಕಾಲಕ್ಕೆ ಆಗದ ಮಾತು. ಆದ್ದರಿಂದ ಅವರು ಸಂಖ್ಯಾಶಾಸ್ತ್ರದ ದಾರಿ ಹಿಡಿದರು. ಪ್ರಪಂಚದ ಹಲವು ಊರುಗಳ ವಾಯುಒತ್ತಡ, ಉಷ್ಣಾಂಶ, ಮಳೆ, ಹಿಮಾಲಯದ ಹಿಮ, ನೈಲ್ ನದಿಯ ಪ್ರವಾಹ ಇವುಗಳ ದಾಖಲೆ ತರಿಸಿ, ಯಾವುದು ಯಾವುದರ ಜೊತೆ ಏರಿಳಿಯುತ್ತದೆ ಎಂದು ನೋಡಿದರು. ಗಣಕಯಂತ್ರವಿಲ್ಲದ ಕಾಲ, ಕಚೇರಿಯ ಭಾರತೀಯ ಗುಮಾಸ್ತರು ಸಹಸಂಬಂಧಗಳನ್ನೆಲ್ಲ ಕೈಯಲ್ಲೇ ಲೆಕ್ಕ ಹಾಕಿದರು. ಇದರ ನಡುವೆ 1913ರಲ್ಲಿ ಮದರಾಸಿಗೆ ಬಂದಾಗ, ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರ ಗಣಿತವನ್ನು ಕಂಡು, ಅವರಿಗೆ ಸಂಶೋಧನೆಗೆ ನೆರವು ಕೊಡುವಂತೆ ಮದರಾಸು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದವರೂ ವಾಕರ್ ಅವರೇ.

ಆ ಲೆಕ್ಕಗಳಿಂದ ಒಂದು ದೊಡ್ಡ ಸಂಗತಿ ಹೊರಬಿತ್ತು. ಪೆಸಿಫಿಕ್ ಸಾಗರದ ಮೇಲೆ ವಾಯುಒತ್ತಡ ಹೆಚ್ಚಿದಾಗ ಹಿಂದೂ ಮಹಾಸಾಗರದ ಕಡೆ ಕಡಿಮೆಯಾಗುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ತಕ್ಕಡಿಯಂತೆ ತೂಗುವ ಇದಕ್ಕೆ ಅವರು ದಕ್ಷಿಣದ ಆಂದೋಲನ ಎಂಬ ಅರ್ಥದ ಹೆಸರಿಟ್ಟರು. ಆದರೆ ಈ ತಕ್ಕಡಿಯನ್ನು ತೂಗುವುದು ಯಾವುದು ಎಂದು ಕೇಳಿದವರಿಗೆ ಅವರಲ್ಲಿ ಉತ್ತರವಿರಲಿಲ್ಲ. ಅವರ ಕೆಲವು ಸೂತ್ರಗಳೂ ವರ್ಷಗಳು ಕಳೆದಂತೆ ಸಡಿಲವಾದವು. 1924ರಲ್ಲಿ ಭಾರತ ಬಿಟ್ಟು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಅವರು 1958ರ ನವೆಂಬರ್ 4ರಂದು ತೀರಿಕೊಂಡರು.

1957–58ರಲ್ಲಿ ಪೆಸಿಫಿಕ್ ಸಾಗರ ಬಹಳ ಬಿಸಿಯಾಗಿತ್ತು. ಆ ವರ್ಷಗಳ ಅಳತೆಗಳನ್ನು ಅಭ್ಯಸಿಸಿದ ಜೇಕಬ್ ಬ್ಯರ್ಕ್ನೆಸ್ ಅವರು 1969ರಲ್ಲಿ ಕಾರಣವನ್ನು ವಿವರಿಸಿದರು. ಸಾಮಾನ್ಯ ವರ್ಷಗಳಲ್ಲಿ ವಾಣಿಜ್ಯ ಮಾರುತಗಳು ಬಿಸಿನೀರನ್ನು ಪಶ್ಚಿಮಕ್ಕೆ, ಇಂಡೋನೇಷ್ಯಾದ ಕಡೆಗೆ ತಳ್ಳುತ್ತವೆ. ಪೆರು ಬಳಿ ತಣ್ಣೀರು ಮೇಲೇಳುತ್ತದೆ. ಬಿಸಿನೀರಿನ ಮೇಲೆ ಗಾಳಿ ಮೇಲೇರಿ ಮಳೆ ಸುರಿಸಿ, ಪೂರ್ವ ಪೆಸಿಫಿಕ್ಕಿನಲ್ಲಿ ಕೆಳಗಿಳಿಯುತ್ತದೆ. ಮಾರುತಗಳು ದುರ್ಬಲವಾದರೆ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಗಾಳಿ ಮೇಲೇರುವ ಜಾಗವೂ ಸರಿಯುತ್ತದೆ. ಆಗ ನಮ್ಮ ಕಡೆ ಗಾಳಿ ಕೆಳಗಿಳಿಯುವುದು ಹೆಚ್ಚಿ ಮೋಡ ಬೆಳೆಯಲು ಅಡ್ಡಿಯಾಗುತ್ತದೆ. ಈ ಗಾಳಿಯ ಚಕ್ರಕ್ಕೆ ಬ್ಯರ್ಕ್ನೆಸ್ ಅವರು ವಾಕರ್ ಅವರ ಹೆಸರನ್ನೇ ಇಟ್ಟರು. ವಾಕರ್ ಕಂಡದ್ದು ತಕ್ಕಡಿಯ ಏರಿಳಿತವನ್ನು. ಅದಕ್ಕೆ ಹೊಂದಿಕೊಂಡಿದ್ದ ಕಡಲಿನ ಬಿಸಿಯ ಅಳತೆಗಳು ಅವರ ಕಾಲದಲ್ಲಿ ಸಾಕಷ್ಟು ಇರಲಿಲ್ಲ.

ಗಾಳಿ ದಿನದಿನಕ್ಕೆ ಬದಲಾದರೂ ಕಡಲಿನ ಮೇಲ್ಮೈ ಉಷ್ಣಾಂಶ ತಿಂಗಳುಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದಲೇ ಮುಂದಿನ ಋತುವಿನ ಸುಳಿವು ಅದರಲ್ಲಿ ಸಿಗುತ್ತದೆ. ಆದರೂ ಇದು ಸುಳಿವು ಮಾತ್ರ. 1997ರಲ್ಲಿ ಎಲ್ ನಿನೊ ಅತಿ ಪ್ರಬಲವಾಗಿದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಸುರಿಯಿತು. ಅಷ್ಟು ಪ್ರಬಲವಲ್ಲದ 2002ರಲ್ಲಿ ಶೇ 19ರಷ್ಟು ಕೊರತೆಯಾಯಿತು. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ಉಷ್ಣಾಂಶದ ವ್ಯತ್ಯಾಸವನ್ನೂ ನೋಡಬೇಕೆಂದು ವಿಜ್ಞಾನಿಗಳು ಬಳಿಕ ಕಂಡುಕೊಂಡರು.

ಸಹ ಪ್ರಶಿಕ್ಷಣಾರ್ಥಿಗಳು ಈ ಕಥನದ ಜೊತೆ ಒಂದು ಸರಳ ಚಟುವಟಿಕೆ ಮಾಡಿಸಬಹುದು. ಅಗಲ ತಟ್ಟೆಯ ನೀರಿನ ಮೇಲೆ ಅರಿಶಿನ ಪುಡಿ ಉದುರಿಸಿ ಒಂದು ಬದಿಯಿಂದ ಊದಿಸಿ. ಪುಡಿ ಎದುರು ಅಂಚಿಗೆ ಸೇರುತ್ತದೆ. ಊದುವುದನ್ನು ನಿಲ್ಲಿಸಿದರೆ ಏನಾಗುತ್ತದೆಂದು ಕೇಳಿ. ಬಳಿಕ 1997 ಮತ್ತು 2002ರ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಜೊತೆಜೊತೆಗೆ ಏರಿಳಿಯುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವ ಮೊದಲು ಏನೇನು ತಿಳಿದಿರಬೇಕು ಎಂದು ಚರ್ಚಿಸಲು ಬಿಡಿ.